ಸಿವಿಟಿ ಕಾರಿನ ಎಣ್ಣೆ ಬದಲಿಸುವ ಮುನ್ನ

ಕಾರು ಐವತ್ತು ಸಾವಿರ ಕಿಲೋಮೀಟರ್ ದಾಟಿದೆ. ಸಿಗ್ನಲ್ ಬಿಟ್ಟು ಹೊರಡುವಾಗ ಸಣ್ಣಗೆ ಅದುರುತ್ತಿದೆ, ಏರು ಹತ್ತುವಾಗ ಎಂಜಿನ್ ಸದ್ದು ಏರಿದಷ್ಟು ವೇಗ ಏರುತ್ತಿಲ್ಲ. ವಿಚಾರಿಸಿದರೆ ಒಬ್ಬರು, "ಇದರ ಗೇರ್‌ಬಾಕ್ಸ್ ಎಣ್ಣೆ ಜೀವಮಾನಕ್ಕೆ ಸಾಕು, ಮುಟ್ಟಲೇಬೇಡಿ" ಅನ್ನುತ್ತಾರೆ. ಬಡಾವಣೆಯ ಗ್ಯಾರೇಜಿನವರು, "ಆಟೊಮ್ಯಾಟಿಕ್ ತಾನೆ ಸಾರ್, ಎಟಿಎಫ್ ಹಾಕಿಬಿಡೋಣ" ಅನ್ನುತ್ತಾರೆ. ಮೂರನೆಯವರು ಮೆಷಿನ್ ಜೋಡಿಸಿ ಇಡೀ ಗೇರ್‌ಬಾಕ್ಸ್ ಫ್ಲಶ್ ಮಾಡಿಸಲು ಹೇಳುತ್ತಾರೆ. ನಿಮ್ಮದು ಸಿವಿಟಿ, ಅಂದರೆ ಗೇರಿನ ಮೆಟ್ಟಿಲುಗಳಿಲ್ಲದ ಆಟೊಮ್ಯಾಟಿಕ್, ಕಾರಾಗಿದ್ದರೆ ಈ ಮೂರೂ ಸಲಹೆಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಎರಡನೆಯದನ್ನಂತೂ, ಅಂದರೆ ಸಾಂಪ್ರದಾಯಿಕ ಆಟೊಮ್ಯಾಟಿಕ್ಕಿನ ಎಣ್ಣೆಯಾದ ಎಟಿಎಫ್ ಹಾಕುವುದನ್ನು, ಯಾವ ಕಾರಣಕ್ಕೂ ಒಪ್ಪಬೇಡಿ. ಸಿವಿಟಿಯಲ್ಲಿ ಎಣ್ಣೆ ಸವೆತ ತಡೆಯುವುದಷ್ಟೇ ಅಲ್ಲ, ಎಂಜಿನ್ನಿನ ಬಲ ಚಕ್ರಕ್ಕೆ ಹೋಗುವ ದಾರಿಯಲ್ಲಿ ಅದೇ ಒಂದು ಕೊಂಡಿ. ಇದು ಅರ್ಥವಾದರೆ ಯಾವ ಎಣ್ಣೆ, ಎಷ್ಟು, ಯಾವಾಗ ಎಂಬುದನ್ನು ನೀವೇ ನಿರ್ಧರಿಸಬಲ್ಲಿರಿ.

ಒಳಗೆ ನಡೆಯುವುದೇನು?

ಹಲ್ಲಿನ ಗೇರುಗಳ ಬದಲು ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ಪುಲ್ಲಿಯ ಎರಡು ಬದಿಗಳು ಹತ್ತಿರ ಬಂದರೆ ಬೆಲ್ಟ್ ಮೇಲೇರುತ್ತದೆ, ದೂರ ಸರಿದರೆ ಕೆಳಗಿಳಿಯುತ್ತದೆ. ಒಂದು ಪುಲ್ಲಿಯಲ್ಲಿ ಏರಿದಷ್ಟು ಇನ್ನೊಂದರಲ್ಲಿ ಇಳಿಯುವುದರಿಂದ ಗೇರಿನ ಅನುಪಾತ ಮೆಟ್ಟಿಲಿಲ್ಲದೆ ಬದಲಾಗುತ್ತಾ ಹೋಗುತ್ತದೆ. ನೆದರ್ಲೆಂಡ್ಸಿನ ಹಬ್ ವಾನ್ ಡೋರ್ನ್ ಇದನ್ನು ರಬ್ಬರ್ ಬೆಲ್ಟಿನೊಂದಿಗೆ 1958ರಲ್ಲಿ ಡಾಫ್ ಕಾರಿಗೆ ತಂದರು. ನಮ್ಮಲ್ಲಿ ಕೈನೆಟಿಕ್ ಹೋಂಡಾದಿಂದ ಇಂದಿನ ಆಕ್ಟಿವಾವರೆಗೆ ಗೇರಿಲ್ಲದ ಸ್ಕೂಟರುಗಳಲ್ಲಿ ಇರುವುದೂ ಇದೇ ತತ್ವ. ಆದರೆ ಸ್ಕೂಟರಿನ ರಬ್ಬರ್ ಬೆಲ್ಟ್ ಒಣಗಿಯೇ ಇರಬೇಕು. ಅದಕ್ಕೆ ಎಣ್ಣೆ ತಾಗಿದರೆ ಜಾರುತ್ತದೆ.

ಕಾರಿನದು ಬೇರೆ. ಅಲ್ಲಿ ಬೆಲ್ಟೇ ಉಕ್ಕಿನದು. ತೆಳು ಉಕ್ಕಿನ ಪಟ್ಟಿಗಳ ಕಟ್ಟಿಗೆ ಸುಮಾರು ನಾನೂರು ಉಕ್ಕಿನ ಬಿಲ್ಲೆಗಳನ್ನು ಒತ್ತಾಗಿ ಪೋಣಿಸಿ ಮಾಡಿದ್ದು. ಒಂದು ಬಿಲ್ಲೆ ಮುಂದಿನದನ್ನು ನೂಕುತ್ತಾ ಬಲವನ್ನು ಸಾಗಿಸುತ್ತದೆ. ಹ್ಯುಂಡೈ, ಕಿಯಾ ಕಾರುಗಳ ಐವಿಟಿ ಎಂಬ ಸಿವಿಟಿಯಲ್ಲಿ ಬಿಲ್ಲೆಗಳ ಬದಲು ಚೈನ್ ಇದೆ. ಎರಡರಲ್ಲೂ ಉಕ್ಕನ್ನು ಉಕ್ಕೇ ಹಿಡಿಯಬೇಕು, ಅದೂ ಎಣ್ಣೆಯಲ್ಲಿ ತೊಯ್ದು.

ಎಣ್ಣೆಯಲ್ಲಿ ತೊಯ್ದ ಉಕ್ಕು ಜಾರದೆ ಹಿಡಿಯುವುದು ಹೇಗೆ? ಪುಲ್ಲಿಯ ಹಿಂದೆ ಎಣ್ಣೆಯ ಒತ್ತಡವೇ ಕೂತು ಬೆಲ್ಟನ್ನು ಬಲವಾಗಿ ಅಮುಕಿ ಹಿಡಿಯುತ್ತದೆ. ಇಲ್ಲಿನ ಘರ್ಷಣೆ ಎಷ್ಟು ಕಡಿಮೆಯೆಂದರೆ, ನೂರು ಪಾಲು ಅಮುಕಿದರೆ ಬೆಲ್ಟಿಗೆ ದಾಟುವ ಎಳೆತ ಹೆಚ್ಚುಕಡಿಮೆ ಹತ್ತು ಪಾಲು. ಆ ಹತ್ತು ಪಾಲನ್ನು ಉಳಿಸಿಕೊಡುವುದು ಎಣ್ಣೆಯಲ್ಲಿ ಬೆರೆಸಿರುವ ರಾಸಾಯನಿಕಗಳು. ಅವು ಲೋಹದ ಮೈಮೇಲೆ ತೆಳುವಾದ ಪದರ ಕಟ್ಟುತ್ತವೆ. ಆ ಪದರ ಸವೆತವನ್ನು ತಡೆಯುತ್ತದೆ, ಹಿಡಿತವನ್ನು ಬಿಟ್ಟುಕೊಡುವುದಿಲ್ಲ. ಹಿಟ್ಟಿನ ಗಿರಣಿಯಲ್ಲಿ ಪಟ್ಟಿ ಜಾರತೊಡಗಿದಾಗ ರಾಳ ಹಚ್ಚುವುದನ್ನು ನೋಡಿದ್ದೀರಲ್ಲ, ಸಿವಿಟಿ ಎಣ್ಣೆ ಆ ರಾಳದ ಕೆಲಸವನ್ನೂ ಜೊತೆಗೆ ಕೀಲೆಣ್ಣೆಯ ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ.

ಎಟಿಎಫ್ ಏಕೆ ಬೇಡ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಟಾರ್ಕ್ ಕನ್ವರ್ಟರ್ ಇರುವ ಸಾಂಪ್ರದಾಯಿಕ ಆಟೊಮ್ಯಾಟಿಕ್ಕಿನಲ್ಲಿ ಹಿಡಿಯುವ ಕೆಲಸ ಮಾಡುವುದು ಕ್ಲಚ್ ಪ್ಲೇಟುಗಳು. ಅವುಗಳ ಮೈಗೆ ಕಾಗದದಂಥ ಲೈನಿಂಗ್ ಇರುತ್ತದೆ. ಎಟಿಎಫ್ ತಯಾರಾಗುವುದು ಆ ಲೈನಿಂಗ್ ನಯವಾಗಿ ಕೂಡಿಕೊಳ್ಳಲೆಂದು. ಅದನ್ನು ಸಿವಿಟಿಗೆ ಹಾಕಿದರೆ ಉಕ್ಕು ಉಕ್ಕಿನ ಮೇಲೆ ಜಾರುತ್ತದೆ. ಜಾರಿದಲ್ಲಿ ಪುಲ್ಲಿಯ ನುಣುಪಾದ ಮುಖಕ್ಕೆ ಗೀರು ಬೀಳುತ್ತದೆ. ಗೀರಿನಿಂದೆದ್ದ ಲೋಹದ ಪುಡಿ, ಎಣ್ಣೆಯ ಒತ್ತಡವನ್ನು ಹಂಚುವ ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆ ಸೇರಿ ಒತ್ತಡ ಕುಗ್ಗುತ್ತದೆ. ಒತ್ತಡ ಕುಗ್ಗಿದರೆ ಬೆಲ್ಟ್ ಮತ್ತಷ್ಟು ಜಾರುತ್ತದೆ. ಒಮ್ಮೆ ಈ ಸುತ್ತು ಶುರುವಾದರೆ ಹೊಸ ಎಣ್ಣೆ ಅದನ್ನು ನಿಲ್ಲಿಸುವುದಿಲ್ಲ.

ಮೊದಲು ನಿಮ್ಮ ಕಾರು ಸಿವಿಟಿ ಹೌದೇ?

ಇದನ್ನು ಕಡೆಗಣಿಸಬೇಡಿ. ನಮ್ಮಲ್ಲಿ ಎರಡೇ ಪೆಡಲ್ ಇರುವ ಎಲ್ಲ ಕಾರನ್ನೂ 'ಆಟೊಮ್ಯಾಟಿಕ್' ಎಂದು ಕರೆದು ಮುಗಿಸುತ್ತೇವೆ. 2020ರಲ್ಲಿ ಬಂದ ಕ್ರೆಟಾವನ್ನೇ ನೋಡಿ. 1.5 ಲೀಟರ್ ಪೆಟ್ರೋಲಿಗೆ ಐವಿಟಿ, ಡೀಸೆಲ್ಲಿಗೆ ಟಾರ್ಕ್ ಕನ್ವರ್ಟರ್, ಟರ್ಬೊ ಪೆಟ್ರೋಲಿಗೆ ಎರಡು ಕ್ಲಚ್ಚಿನ ಡಿಸಿಟಿ. ಹೆಸರು ಒಂದೇ, ಒಳಗಿನ ಪೆಟ್ಟಿಗೆ ಮೂರು ಬಗೆ, ಮೂರಕ್ಕೂ ಬೇರೆ ಬೇರೆ ಎಣ್ಣೆ. ಹೋಂಡಾ ಸಿಟಿಯಲ್ಲಿ ಗೊಂದಲ ತಲೆಮಾರುಗಳದ್ದು. 2000ರ ದಶಕದ ಮಧ್ಯದಲ್ಲಿ ಬಂದದ್ದು ಸಿವಿಟಿ, ಆಮೇಲಿನ ತಲೆಮಾರಿನದು ಐದು ಗೇರಿನ ಸಾಂಪ್ರದಾಯಿಕ ಆಟೊಮ್ಯಾಟಿಕ್, 2014ರಿಂದ ಮತ್ತೆ ಸಿವಿಟಿ. ಹೈಬ್ರಿಡ್ ಸಿಟಿಯ 'ಇ-ಸಿವಿಟಿ'ಯಲ್ಲಿ ಬೆಲ್ಟೇ ಇಲ್ಲ.

ಆ ಇ-ಸಿವಿಟಿಯ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್, ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಇವುಗಳಲ್ಲಿ ಇರುವುದು ಗ್ರಹಚಕ್ರದ (ಪ್ಲಾನೆಟರಿ) ಗೇರುಗಳು ಮತ್ತು ಮೋಟಾರುಗಳು. ಹೆಸರಿನಲ್ಲಿ ಸಿವಿಟಿ ಎಂದಿದ್ದರೂ ಬೆಲ್ಟಿನ ಸಿವಿಟಿ ಎಣ್ಣೆ ಅವಕ್ಕಲ್ಲ. ಹೈಕ್ರಾಸಿನ ಬರೀ ಪೆಟ್ರೋಲ್ ಮಾದರಿಗೆ ಮಾತ್ರ ಬೆಲ್ಟಿನ ಸಿವಿಟಿ ಇದೆ. ಮಾರುತಿಯ ಎಜಿಎಸ್, ಟಾಟಾದ ಎಎಂಟಿ ಮುಂತಾದವು ಮ್ಯಾನುಯಲ್ ಗೇರ್‌ಬಾಕ್ಸಿಗೆ ಯಂತ್ರದ ಕೈ ಜೋಡಿಸಿದವು. ಈ ಲೇಖನ ಅವಕ್ಕೆ ಅನ್ವಯಿಸುವುದಿಲ್ಲ.

ಎಣ್ಣೆ ಆರಿಸುವುದು: ಬ್ರ್ಯಾಂಡಿಗಿಂತ ಮೊದಲು ಸಂಕೇತ

ಎಂಜಿನ್ ಆಯಿಲಿಗೆ 5ಡಬ್ಲ್ಯು-30 ಎಂಬಂಥ ಎಲ್ಲರಿಗೂ ಸಲ್ಲುವ ದರ್ಜೆಗಳಿವೆ. ಸಿವಿಟಿಗೆ ಅಂಥದ್ದು ಇಲ್ಲ. ಪ್ರತಿ ತಯಾರಕರೂ ತಮ್ಮ ಪುಲ್ಲಿಯ ಉಕ್ಕು, ತಮ್ಮ ಒತ್ತಡ, ಪುಲ್ಲಿಗಳ ಜೊತೆಗಿರುವ ತಮ್ಮ ಕ್ಲಚ್ಚಿಗೆ ಹೊಂದುವಂತೆ ಎಣ್ಣೆಯನ್ನು ನಿಗದಿ ಮಾಡಿ ಅದಕ್ಕೊಂದು ಸಂಕೇತ ಕೊಟ್ಟಿರುತ್ತಾರೆ. ಇಲ್ಲಿ ಹೆಚ್ಚಾಗಿ ಕಾಣುವವು ಇವು:

1. ಹೋಂಡಾ: ಈಗಿನ ಸಿವಿಟಿಗಳಿಗೆ ಎಚ್‌ಸಿಎಫ್-2. ಹಳೆಯ ಸಿಟಿ ಸಿವಿಟಿಗೆ ಎಚ್‌ಎಂಎಂಎಫ್. ಇವೆರಡನ್ನು ಬೆರೆಸಬಾರದು, ಒಂದರ ಬದಲು ಇನ್ನೊಂದನ್ನು ಹಾಕಲೂಬಾರದು.
2. ನಿಸಾನ್, ಮತ್ತು ನಿಸಾನಿನ ಗೇರ್‌ಬಾಕ್ಸ್ ಬಳಸುವ ರೆನೊ: ಎನ್‌ಎಸ್-2 ಅಥವಾ ಎನ್‌ಎಸ್-3, ಮಾದರಿ ಮತ್ತು ವರ್ಷಕ್ಕೆ ತಕ್ಕಂತೆ.
3. ಸುಜುಕಿ: ಸಿವಿಟಿಎಫ್ ಗ್ರೀನ್-1, ಗ್ರೀನ್-2.
4. ಟೊಯೊಟಾ: ಸಿವಿಟಿಎಫ್ ಟಿಸಿ, ಸಿವಿಟಿಎಫ್ ಎಫ್‌ಇ. ಎರಡನೆಯದು ಹೆಚ್ಚು ತೆಳು.
5. ಹ್ಯುಂಡೈ, ಕಿಯಾ: ಎಸ್‌ಪಿ-ಸಿವಿಟಿ1.
6. ಮಿತ್ಸುಬಿಷಿ: ಸಿವಿಟಿಎಫ್ ಜೆ1, ಜೆ4.

ಈ ಪಟ್ಟಿ ನಿಮಗೆ ಸಂಕೇತದ ಗುರುತು ಹತ್ತಲಿ ಎಂದು ಮಾತ್ರ. ಅಂತಿಮ ಮಾತು ನಿಮ್ಮ ಕಾರಿನ ಓನರ್ಸ್ ಮ್ಯಾನುಯಲ್ಲಿನದು. ಅದರ ಕೊನೆಯ ಪುಟಗಳಲ್ಲಿ ದ್ರವಗಳು ಮತ್ತು ಪ್ರಮಾಣಗಳ ಕೋಷ್ಟಕ ಇರುತ್ತದೆ. ಬಾನೆಟ್ಟಿನ ಮೇಲಿನ ಲಾಂಛನ ನೋಡಿ ಎಣ್ಣೆ ಕೊಳ್ಳಬೇಡಿ. 2019ರಲ್ಲಿ ಬಂದ ಟೊಯೊಟಾ ಗ್ಲಾಂಜಾ ಮಾರುತಿ ಬಲೆನೊದ್ದೇ ರೂಪ. ಅದರ ಸಿವಿಟಿಯೂ ಸುಜುಕಿಯದೇ, ಹಾಗಾಗಿ ಟೊಯೊಟಾ ಎಂದು ಟಿಸಿ ಹಾಕಿದರೆ ತಪ್ಪು ಎಣ್ಣೆ ಹಾಕಿದಂತೆ. ರೆನೊ ಸ್ಕಾಲಾ ಕೂಡ ನಿಸಾನ್ ಸನ್ನಿಯ ಇನ್ನೊಂದು ಹೆಸರು.

ಹಾಗಾದರೆ ಕ್ಯಾಸ್ಟ್ರಾಲ್, ಮೋಟುಲ್, ಇಡೆಮಿತ್ಸು, ಐಸಿನ್ ಮುಂತಾದವರ 'ಮಲ್ಟಿ' ಸಿವಿಟಿ ಎಣ್ಣೆಗಳು? ನನ್ನ ನಿಲುವು ಹೀಗಿದೆ. ವಾರಂಟಿ ಇರುವವರೆಗೆ ತಯಾರಕರದ್ದೇ ಡಬ್ಬಿ ಹಾಕಿಸಿ, ಬಿಲ್ ಇಟ್ಟುಕೊಳ್ಳಿ. ವಾರಂಟಿ ಮುಗಿದ ಮೇಲೆ ಹೆಸರಾಂತ ಕಂಪನಿಯ ಎಣ್ಣೆ ಆಗಬಹುದು, ಆದರೆ ಒಂದು ಷರತ್ತು: ಡಬ್ಬಿಯ ಹಿಂಬದಿಯಲ್ಲಿ ನಿಮ್ಮ ಕಾರಿನ ಸಂಕೇತ ಅಕ್ಷರಶಃ ಇರಬೇಕು. 'ಎಲ್ಲ ಸಿವಿಟಿಗೂ ಸೂಕ್ತ' ಎಂಬ ಒಂದೇ ಸಾಲು ಸಾಲದು. ಎಟಿಎಫ್, ಸಿವಿಟಿ, ಡಿಸಿಟಿ ಮೂರಕ್ಕೂ ಒಂದೇ ಎಣ್ಣೆ ಎನ್ನುವ ಡಬ್ಬಿಯನ್ನು ನಾನು ಮುಟ್ಟುವುದಿಲ್ಲ. ಕಾಗದದ ಲೈನಿಂಗಿಗೂ ಬರೀ ಉಕ್ಕಿಗೂ ಬೇಕಾದ ಗುಣಗಳು ಬೇರೆ ಬೇರೆ ಎಂದು ಮೇಲೆ ನೋಡಿದೆವಲ್ಲ.

ನಕಲಿಯ ಬಗ್ಗೆಯೂ ಎಚ್ಚರ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ ಮುಚ್ಚಳದ ಸೀಲ್, ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು ನೋಡಿಕೊಳ್ಳಿ, ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಬಿಡಿ ಎಣ್ಣೆ, ತೆರೆದ ಡಬ್ಬಿಯ ಎಣ್ಣೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ಯಾವಾಗ ಬದಲಿಸಬೇಕು?

'ಜೀವಮಾನದ ಎಣ್ಣೆ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆಲ್ಟಿನ ಬಿಲ್ಲೆಗಳ ನಡುವೆ ಅರೆದು ಅರೆದು ಎಣ್ಣೆಯ ಮಂದತೆ ಕುಗ್ಗುತ್ತದೆ, ಬಿಸಿಗೆ ಅದು ಹಳಸುತ್ತದೆ, ಅದುರುವಿಕೆ ತಡೆಯುವ ರಾಸಾಯನಿಕ ಖರ್ಚಾಗುತ್ತದೆ, ಲೋಹದ ಪುಡಿ ಸೇರುತ್ತದೆ. ಇದರಲ್ಲಿ ಯಾವುದೂ ಕಾರಿನ ಜೀವಮಾನ ನೋಡಿಕೊಂಡು ನಿಲ್ಲುವುದಿಲ್ಲ.

ಮ್ಯಾನುಯಲ್ಲಿನಲ್ಲಿ ಅಂತರ ನಮೂದಾಗಿದ್ದರೆ ಅದನ್ನೇ ಪಾಲಿಸಿ. ಅಲ್ಲಿ 'ಸಾಧಾರಣ ಬಳಕೆ', 'ಕಠಿಣ ಬಳಕೆ' ಎಂದು ಎರಡು ಕಾಲಂ ಇದ್ದರೆ ನಮ್ಮ ಬಹುಪಾಲು ಕಾರುಗಳು ಎರಡನೆಯದರಲ್ಲಿ ಬರುತ್ತವೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ಅಡಿ ಅಡಿಯಾಗಿ ತೆವಳುವುದು, ನಾಲ್ಕೈದು ಜನ ಮತ್ತು ಲಗೇಜು ತುಂಬಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಹತ್ತುವುದು, ರಾಯಚೂರು ಕಲಬುರಗಿಯ ಬೇಸಿಗೆ, ಇವೆಲ್ಲ ಎಣ್ಣೆಯ ಪಾಲಿಗೆ ಕಠಿಣವೇ. ಮ್ಯಾನುಯಲ್ ಏನೂ ಹೇಳದಿದ್ದರೆ ಅಥವಾ ಬರೀ 'ಪರೀಕ್ಷಿಸಿ' ಎಂದಿದ್ದರೆ, ಇಂಥ ಬಳಕೆಯ ಕಾರಿಗೆ 40,000 ಕಿಲೋಮೀಟರಿಗೊಮ್ಮೆ, ಹೆಚ್ಚಾಗಿ ಹೆದ್ದಾರಿಯಲ್ಲೇ ಓಡುವ ಕಾರಿಗೆ 60,000ಕ್ಕೊಮ್ಮೆ ಬದಲಿಸುವುದು ನನ್ನ ಸಲಹೆ. ಕಡಿಮೆ ಓಡುವ ಕಾರಾದರೆ ನಾಲ್ಕೈದು ವರ್ಷಕ್ಕೊಮ್ಮೆ.

ನಿಸಾನಿನ ಹಲವು ಸಿವಿಟಿಗಳಲ್ಲಿ ಇನ್ನೊಂದು ಅನುಕೂಲವಿದೆ. ಗೇರ್‌ಬಾಕ್ಸಿನ ಕಂಪ್ಯೂಟರ್ ಎಣ್ಣೆ ಉಂಡ ಬಿಸಿಯನ್ನು ಲೆಕ್ಕವಿಟ್ಟು ಒಂದು ಅಂಕಿಯಾಗಿ ಕೂಡಿಸುತ್ತಾ ಹೋಗುತ್ತದೆ. ಸ್ಕ್ಯಾನರ್ ಜೋಡಿಸಿದರೆ ಅದು ಕಾಣುತ್ತದೆ. ನಿಸಾನಿನ ಸರ್ವಿಸ್ ಕೈಪಿಡಿಗಳು ಈ ಅಂಕಿ 2,10,000 ಮುಟ್ಟಿದರೆ ಎಣ್ಣೆ ಬದಲಿಸಿ ಎನ್ನುತ್ತವೆ. ಬದಲಿಸಿದ ಮೇಲೆ ಅದನ್ನು ಸೊನ್ನೆಗೆ ತರಿಸುವುದನ್ನು ಮರೆಯಬೇಡಿ.

ಬಣ್ಣ ನೋಡಿ ತೀರ್ಮಾನಿಸುವುದು ನಂಬಿಕೆಗೆ ತಕ್ಕದ್ದಲ್ಲ. ಹೊಸ ಎಣ್ಣೆಯ ಬಣ್ಣವೇ ಕಂಪನಿಯಿಂದ ಕಂಪನಿಗೆ ಬೇರೆ. ಸುಟ್ಟ ವಾಸನೆ ಮಾತ್ರ ಸ್ಪಷ್ಟ ಸೂಚನೆ. ಎಣ್ಣೆ ಹಾಲು ಬೆರೆಸಿದಂತೆ ಕಂಡರೆ ಒಳಗೆ ನೀರು ಅಥವಾ ಕೂಲಂಟ್ ಸೇರಿದೆ. ಆಗ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ.

ಬದಲಿಸುವ ಮೊದಲು ಒಂದು ಲೆಕ್ಕ

ಡ್ರೈನ್ ಬೋಲ್ಟ್ ಬಿಚ್ಚಿದರೆ ಎಲ್ಲ ಎಣ್ಣೆಯೂ ಇಳಿಯುವುದಿಲ್ಲ. ಪುಲ್ಲಿಗಳಲ್ಲಿ, ಕೂಲರಿನಲ್ಲಿ, ಸಿವಿಟಿಗೂ ಟಾರ್ಕ್ ಕನ್ವರ್ಟರ್ ಇದ್ದರೆ ಅದರಲ್ಲಿ ಅರ್ಧದಷ್ಟು ಉಳಿದೇ ಇರುತ್ತದೆ. ಒಟ್ಟು ಏಳು ಲೀಟರ್ ಹಿಡಿಯುವ ಗೇರ್‌ಬಾಕ್ಸಿನಿಂದ ಮೂರೂವರೆ ಇಳಿದರೆ, ಒಂದು ಸಲ ಬದಲಿಸಿದಾಗ ಹಳೆಯದು ಅರ್ಧ ಉಳಿಯುತ್ತದೆ, ಎರಡನೆಯ ಸಲಕ್ಕೆ ಕಾಲು ಭಾಗ, ಮೂರನೆಯದಕ್ಕೆ ಎಂಟರಲ್ಲೊಂದು ಪಾಲು. ಆದ್ದರಿಂದ ವೇಳೆಗೆ ಸರಿಯಾಗಿ ಬದಲಿಸುತ್ತ ಬಂದ ಕಾರಿಗೆ ಒಂದೇ ಸಲ ಇಳಿಸಿ ತುಂಬಿದರೆ ಸಾಕು. ಬಹಳ ದಿನ ಬಿಟ್ಟ ಕಾರಿಗೆ ಸಾವಿರ ಕಿಲೋಮೀಟರ್ ಆಸುಪಾಸಿನ ಅಂತರದಲ್ಲಿ ಎರಡು ಸಲ ಮಾಡುವುದು ಒಳ್ಳೆಯದು.

ಮೆಷಿನ್ ಇಟ್ಟು ಒತ್ತಡದಿಂದ ಫ್ಲಶ್ ಮಾಡುವುದನ್ನು ಕಾರಿನ ತಯಾರಕರೇ ಹೇಳದ ಹೊರತು ಮಾಡಿಸಬೇಡಿ. ತಳದಲ್ಲಿ ಕುಳಿತ ಕೆಸರು ಎದ್ದು ವಾಲ್ವ್ ಬಾಡಿಗೆ ಸೇರುವ ಅಪಾಯವಿದೆ. ಹಿಂದೆ ಬೇರೆ ಕಾರಿಗೆ ಬಳಸಿದ ಎಣ್ಣೆ ಮೆಷಿನ್ನಿನ ಕೊಳವೆಗಳಲ್ಲಿ ಉಳಿದಿರಬಹುದು. ಫ್ಲಶ್ಶಿಗೆ ಸೇರಿಸುವ 'ಕ್ಲೀನರ್' ದ್ರಾವಣವಂತೂ ಸಿವಿಟಿಗೆ ಬೇಡವೇ ಬೇಡ.

ಬದಲಿಸುವ ಕ್ರಮ

ಸಮತಟ್ಟು ನೆಲ, ಗಟ್ಟಿ ಸ್ಟ್ಯಾಂಡುಗಳು ಮತ್ತು ಗೇರ್‌ಬಾಕ್ಸಿನ ತಾಪ ಓದುವ ಸ್ಕ್ಯಾನರ್ ಇದ್ದರೆ ಮಾತ್ರ ಇದನ್ನು ಮನೆಯಲ್ಲಿ ಮಾಡಬಹುದು. ಇಲ್ಲದಿದ್ದರೆ ಗ್ಯಾರೇಜಿಗೆ ಕೊಡಿ. ಆಗಲೂ ಈ ಕ್ರಮ ತಿಳಿದಿದ್ದರೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಬಹುದು.

1. ಹತ್ತು ನಿಮಿಷ ಓಡಿಸಿ ಎಣ್ಣೆ ಬೆಚ್ಚಗಾಗಲು ಬಿಡಿ. ಕುದಿಯುವಷ್ಟು ಬಿಸಿ ಬೇಡ, ಕೈ ಸುಡುತ್ತದೆ.

2. ಕಾರನ್ನು ನಾಲ್ಕೂ ಕಡೆ ಸಮನಾಗಿ ಎತ್ತಿ. ಮುಂಭಾಗ ಮಾತ್ರ ಎತ್ತಿದರೆ ಮಟ್ಟದ ಅಳತೆ ತಪ್ಪುತ್ತದೆ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ.

3. ಡ್ರೈನ್ ಬೋಲ್ಟಿಗಿಂತ ಮೊದಲು ಎಣ್ಣೆ ತುಂಬುವ ಬೋಲ್ಟನ್ನು ಬಿಚ್ಚಿ ನೋಡಿ. ಹಳೆಯದನ್ನೆಲ್ಲ ಇಳಿಸಿದ ಮೇಲೆ ತುಂಬುವ ದಾರಿ ತೆರೆಯದೆ ಹೋದರೆ ಕಾರು ಅಲ್ಲಿಂದ ಅಲುಗುವಂತಿಲ್ಲ.

4. ನೀವು ಬಿಚ್ಚುತ್ತಿರುವುದು ಗೇರ್‌ಬಾಕ್ಸಿನದೇ ಬೋಲ್ಟ್ ಎಂದು ಖಚಿತ ಮಾಡಿಕೊಳ್ಳಿ. ಹೋಂಡಾದಲ್ಲಿ ಸಾಮಾನ್ಯವಾಗಿ ಎಂಜಿನ್ ಬೋಲ್ಟಿಗೆ 17 ಮಿಲಿಮೀಟರಿನ ಆರು ಮೂಲೆಯ ತಲೆ, ಗೇರ್‌ಬಾಕ್ಸ್ ಬೋಲ್ಟಿನಲ್ಲಿ ರ‍್ಯಾಚೆಟ್ಟಿನ ಚೌಕ ತುದಿ ಕೂರುವ ಕುಳಿ. ಎಂಜಿನ್ ಆಯಿಲ್ ಬದಲಿಸಲು ಹೋಗಿ ಸಿವಿಟಿ ಎಣ್ಣೆ ಇಳಿಸಿ, ಎಂಜಿನ್ನಿಗೆ ಎರಡು ಪಾಲು ಎಣ್ಣೆ ತುಂಬಿ, ಗೇರ್‌ಬಾಕ್ಸ್ ಒಣಗಿಸಿದ ಪ್ರಕರಣಗಳಿವೆ.

5. ಇಳಿದ ಎಣ್ಣೆಯನ್ನು ಅಳತೆಯ ಗುರುತಿರುವ ಪಾತ್ರೆಯಲ್ಲಿ ಹಿಡಿಯಿರಿ. ಕೆಲವು ಗೇರ್‌ಬಾಕ್ಸುಗಳಲ್ಲಿ ಡ್ರೈನ್ ಬೋಲ್ಟಿನ ಒಳಗೆ ಇನ್ನೊಂದು ಸಣ್ಣ ಕೊಳವೆ ಇರುತ್ತದೆ. ಅದು ಮಟ್ಟ ಅಳೆಯುವ ಕೊಳವೆ. ಬೋಲ್ಟ್ ತೆಗೆದಾಗ ಸ್ವಲ್ಪವೇ ಎಣ್ಣೆ ಬಂದು ನಿಂತರೆ ಗೇರ್‌ಬಾಕ್ಸ್ ಖಾಲಿಯಾಯಿತೆಂದು ತಿಳಿಯಬೇಡಿ. ಅಲೆನ್ ಕೀಯಿಂದ ಆ ಕೊಳವೆಯನ್ನೂ ಬಿಚ್ಚಿದರೆ ಮಿಕ್ಕದ್ದು ಇಳಿಯುತ್ತದೆ. ತುಂಬುವ ಮೊದಲು ಅದನ್ನು ಮತ್ತೆ ಕೂರಿಸಬೇಕು.

6. ಪ್ಯಾನ್ ಬಿಚ್ಚುವುದಾದರೆ ಒಳಗಿನ ಅಯಸ್ಕಾಂತಗಳನ್ನು ನೋಡಿ. ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಇದ್ದರೆ ಸಹಜ ಸವೆತ, ಒರೆಸಿ ಮತ್ತೆ ಇಡಿ. ಬೆರಳಿಗೆ ಚುಚ್ಚುವ ಚೂರುಗಳು, ಹೊಳೆಯುವ ಹಳಕುಗಳು ಇದ್ದರೆ ಬೆಲ್ಟೋ ಬೇರಿಂಗೋ ಹಾಳಾಗುತ್ತಿದೆ. ಆಗ ಎಣ್ಣೆಗೆ ಹಣ ಹಾಕುವ ಮೊದಲು ಸಿವಿಟಿ ಬಲ್ಲವರಿಗೆ ತೋರಿಸಿ.

7. ಫಿಲ್ಟರ್ ಎರಡು ಇರಬಹುದು: ಪ್ಯಾನಿನೊಳಗಿನ ಜಾಲರಿ ಮತ್ತು ಹೊರಗಿನ ಅಥವಾ ಕೂಲರ್ ಬಳಿಯ ಕಾಗದದ ಸಣ್ಣ ಫಿಲ್ಟರ್. ಎರಡನೆಯದು ಎಷ್ಟೋ ಸಲ ಮರೆತೇ ಹೋಗುತ್ತದೆ, ಅದು ನಿಮ್ಮ ಕಾರಿನಲ್ಲಿ ಇದೆಯೇ ಎಂದು ಬಿಡಿಭಾಗದ ಪಟ್ಟಿಯಲ್ಲಿ ನೋಡಿಸಿ. ಡ್ರೈನ್ ಬೋಲ್ಟಿನ ವಾಷರ್ ಹೊಸದು ಹಾಕಿ. ಬೋಲ್ಟ್ ಕೂರುವುದು ಅಲ್ಯೂಮಿನಿಯಂ ಮೈಯಲ್ಲಿ, ಆದ್ದರಿಂದ ಟಾರ್ಕ್ ರೆಂಚಿನಿಂದ ಕೈಪಿಡಿ ಹೇಳಿದಷ್ಟೇ ಬಿಗಿಮಾಡಿ. ಬಲ ಹಾಕಿದರೆ ತಿರುಪಿನ ಮರೆ ಕಿತ್ತುಹೋಗುತ್ತದೆ.

8. ಇಳಿದಷ್ಟೇ ಪ್ರಮಾಣದ ಹೊಸ ಎಣ್ಣೆಯನ್ನು ಶುಭ್ರವಾದ ಫನಲ್ಲಿನಿಂದ ತುಂಬಿ. ಮೊದಲೇ ಸೋರಿಕೆ ಇದ್ದ ಕಾರಾದರೆ ಈ ಅಳತೆಯನ್ನು ನಂಬುವಂತಿಲ್ಲ, ಮಟ್ಟದ ಪರೀಕ್ಷೆಯೇ ಗತಿ.

9. ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡು ಪಿ, ಆರ್, ಎನ್, ಡಿ, ಎಲ್ ಎಂದು ಪ್ರತಿ ಸ್ಥಾನದಲ್ಲೂ ಐದು ಹತ್ತು ಸೆಕೆಂಡ್ ನಿಲ್ಲಿಸಿ ಮತ್ತೆ ಪಿಗೆ ತನ್ನಿ. ಎಣ್ಣೆ ಎಲ್ಲ ದಾರಿಗಳಿಗೂ ಹರಿಯಲೆಂದು ಇದು. ಕಾರು ಎತ್ತಿದ್ದಾಗ ಬ್ರೇಕ್ ಸಡಿಲವಾದರೆ ಚಕ್ರಗಳು ತಿರುಗುತ್ತವೆ, ಹತ್ತಿರ ಯಾರೂ ಇರಕೂಡದು.

10. ಈಗ ಮಟ್ಟ ಅಳೆಯಿರಿ. ಇಡೀ ಕೆಲಸದಲ್ಲಿ ಹೆಚ್ಚು ಜನ ತಪ್ಪುವುದು ಇಲ್ಲೇ, ಅದಕ್ಕೇ ಮುಂದೆ ಬೇರೆಯಾಗಿ ಬರೆದಿದ್ದೇನೆ.

ಮಟ್ಟ ಎಂದರೆ ತಾಪವೂ ಹೌದು

ಬಿಸಿಯಾದಂತೆ ಎಣ್ಣೆ ಹಿಗ್ಗುತ್ತದೆ. ತಣ್ಣಗಿದ್ದಾಗ ಸರಿ ಕಂಡ ಮಟ್ಟ ಬಿಸಿಯಾದಾಗ ಹೆಚ್ಚಾಗಿರುತ್ತದೆ. ಹೆಚ್ಚಾದರೆ ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಯಲ್ಲಿ ಇರುವುದು ಗಾಳಿ, ಗಾಳಿಗೆ ಪುಲ್ಲಿಯನ್ನು ಅಮುಕುವ ಒತ್ತಡ ಬರುವುದಿಲ್ಲ. ಕಡಿಮೆಯಾದರೆ ತಿರುವಿನಲ್ಲಿ, ಏರಿನಲ್ಲಿ ಪಂಪು ಗಾಳಿ ಹೀರುತ್ತದೆ. ಎರಡೂ ಕಡೆಯ ಫಲ ಒಂದೇ, ಬೆಲ್ಟ್ ಜಾರುವುದು. ಎಂಜಿನ್ ಆಯಿಲಿನಲ್ಲಿ 'ಸ್ವಲ್ಪ ಹೆಚ್ಚಾದರೆ ಏನಂತೆ' ಎನ್ನುವ ರೂಢಿ ಇಲ್ಲಿ ನಡೆಯುವುದಿಲ್ಲ.

ಆದ್ದರಿಂದ ಪ್ರತಿ ಗೇರ್‌ಬಾಕ್ಸಿಗೂ ಮಟ್ಟ ನೋಡುವ ತಾಪ ನಿಗದಿಯಾಗಿದೆ. ಡಿಪ್‌ಸ್ಟಿಕ್ ಇರುವ ನಿಸಾನಿನ ಕೆಲವು ಹಳೆಯ ಸಿವಿಟಿಗಳಲ್ಲಿ 50ರಿಂದ 80 ಡಿಗ್ರಿ ಸೆಲ್ಸಿಯಸ್. ಡಿಪ್‌ಸ್ಟಿಕ್ ಬದಲು ಮೇಲೆ ಹೇಳಿದ ಮಟ್ಟ ಅಳೆಯುವ ಕೊಳವೆಯಿರುವ, ಹೆಚ್ಚಾದ ಎಣ್ಣೆ ತುಳುಕಿ ಬರುವ ಬಗೆಯ ಅದೇ ಕಂಪನಿಯ ಸಣ್ಣ ಸಿವಿಟಿಗಳಲ್ಲಿ 35ರಿಂದ 45. ನಮ್ಮ ಊರುಗಳ ಬೇಸಿಗೆಯ ಮಧ್ಯಾಹ್ನದಲ್ಲಿ ನಿಂತ ಕಾರಿನ ಎಣ್ಣೆಯೇ 35 ದಾಟಿರಬಹುದು. ಹಾಗಾಗಿ ಈ ಎರಡನೆಯ ಬಗೆಯದಕ್ಕೆ ಬೆಳಗಿನ ಹೊತ್ತೇ ಸರಿ. ಅಂದಾಜನ್ನು ನಂಬದೆ ಸ್ಕ್ಯಾನರಿನಲ್ಲಿ ತಾಪ ಓದಿ.

ತುಳುಕುವ ಬಗೆಯಲ್ಲಿ ನಿಗದಿತ ತಾಪ ಬಂದಾಗ ಕೆಳಗಿನ ಬೋಲ್ಟ್ ತೆಗೆಯುತ್ತಾರೆ. ಹೆಚ್ಚಿದ್ದ ಎಣ್ಣೆ ಧಾರೆಯಾಗಿ ಬಂದು, ಕೊನೆಗೆ ಹನಿ ಹನಿಯಾದಾಗ ಬೋಲ್ಟ್ ಮುಚ್ಚುತ್ತಾರೆ. ಏನೂ ಬಾರದಿದ್ದರೆ ಎಣ್ಣೆ ಕಡಿಮೆಯಿದೆ, ಬರುವವರೆಗೆ ಸೇರಿಸಬೇಕು. ಎಂಜಿನ್ ಓಡುತ್ತಿರಬೇಕೋ ನಿಂತಿರಬೇಕೋ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಇದನ್ನು ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯಲ್ಲೇ ನೋಡಬೇಕು, ಇನ್ನೊಂದು ಕಾರಿನ ಅನುಭವದಿಂದ ಊಹಿಸಬಾರದು.

ಗ್ಯಾರೇಜಿನಲ್ಲಿ ಮಾಡಿಸುತ್ತಿದ್ದರೆ ನೀವು ಕೇಳಬೇಕಾದದ್ದು ಮುಖ್ಯವಾಗಿ ಇದೊಂದೇ: "ಎಷ್ಟು ಡಿಗ್ರಿಯಲ್ಲಿ ಲೆವೆಲ್ ನೋಡುತ್ತೀರಿ?" ಇದಕ್ಕೆ ತಕ್ಷಣ ಒಂದು ಅಂಕಿ ಹೇಳುವವರು ಕೆಲಸ ಬಲ್ಲವರು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಳೆಯ ಎಣ್ಣೆಗೆ ಬೇರೆ ಸಂಕೇತದ ಎಣ್ಣೆ ಸೇರಿಸಿ ಮಟ್ಟ ಸರಿದೂಗಿಸುವುದು ಮೊದಲನೆಯದು. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ, ಏಕೆಂದರೆ ಗೇರ್‌ಬಾಕ್ಸ್ ಎಣ್ಣೆ ಉರಿದು ಖರ್ಚಾಗುವುದಿಲ್ಲ. ಆಕ್ಸಲ್ ಸೀಲ್, ಕೂಲರ್ ಪೈಪ್, ಪ್ಯಾನಿನ ಗ್ಯಾಸ್ಕೆಟ್ ನೋಡಿಸಿ.

ಸಹಜ ಲಕ್ಷಣವನ್ನು ದೋಷವೆಂದು ತಿಳಿದು ಎಣ್ಣೆ ಬದಲಿಸುವುದು ಇನ್ನೊಂದು. ಪೆಡಲ್ ಜೋರಾಗಿ ಒತ್ತಿದಾಗ ಎಂಜಿನ್ ಸದ್ದು ಮೊದಲು ಏರಿ ವೇಗ ಆಮೇಲೆ ಬರುವುದು ಸಿವಿಟಿಯ ಸ್ವಭಾವ. ಕಾರು ಹೊಸದಿದ್ದಾಗಿನಿಂದಲೂ ಹಾಗೇ ಇದ್ದರೆ ಚಿಂತೆ ಬೇಡ. ನಿಧಾನ ವೇಗದಲ್ಲಿ ಹೊಸದಾಗಿ ಶುರುವಾದ ಅದುರು, ಡಿ ಅಥವಾ ಆರ್‌ಗೆ ಹಾಕಿದಾಗ ಹಿಡಿಯಲು ತಡ, ವೇಗದೊಂದಿಗೆ ಏರುವ ಕೊರೆಯುವಂಥ ಸದ್ದು, ಘಾಟಿಯಲ್ಲಿ ಇದ್ದಕ್ಕಿದ್ದಂತೆ ಎಳೆತ ಬಿಟ್ಟುಬಿಡುವುದು, ಇವು ನಿಜವಾದ ಸೂಚನೆಗಳು. ಇವುಗಳಲ್ಲಿ ಅದುರು ಮಾತ್ರ ಎಣ್ಣೆ ಬದಲಾವಣೆಯಿಂದ ಸರಿಹೋಗುವ ಸಾಧ್ಯತೆ ಹೆಚ್ಚು. ಹಳೆಯ ಹೋಂಡಾ ಸಿಟಿ ಸಿವಿಟಿಯಲ್ಲಿ ಕಾರನ್ನು ಹೊರಡಿಸುವ ಸ್ಟಾರ್ಟ್ ಕ್ಲಚ್ ಅದುರುವುದಕ್ಕೆ ಮೊದಲ ಮದ್ದು ಸರಿಯಾದ ಎಣ್ಣೆ ಬದಲಾವಣೆಯೇ ಆಗಿತ್ತು. ಕೊರೆಯುವ ಸದ್ದು ಬಂದಿದ್ದರೆ ಬೇರಿಂಗ್ ಆಗಲೇ ಸವೆದಿರುತ್ತದೆ, ಎಣ್ಣೆ ಅದನ್ನು ಮರಳಿ ತಾರದು.

ಅದುರು ನಿಲ್ಲಿಸುತ್ತದೆಂದು ಮಾರುವ ಬಾಟಲಿಯ ಮಿಶ್ರಣಗಳನ್ನು ಸುರಿಯುವುದು ಮೂರನೆಯ ತಪ್ಪು. ಘರ್ಷಣೆ ತಗ್ಗಿಸುವ ಯಾವುದೇ ಮಿಶ್ರಣ ಕ್ಲಚ್ಚಿನ ಅದುರನ್ನು ಕೆಲದಿನ ಮರೆಸಬಹುದು, ಆದರೆ ಬೆಲ್ಟಿನ ಹಿಡಿತವನ್ನೂ ತಗ್ಗಿಸುತ್ತದೆ.

ಇನ್ನು ಎಳೆಸಿಕೊಂಡು ಹೋಗುವ ವಿಷಯ. ಎಂಜಿನ್ ನಿಂತಾಗ ಸಿವಿಟಿಯ ಪಂಪೂ ನಿಲ್ಲುತ್ತದೆ. ಮುಂದಿನ ಚಕ್ರಗಳು ನೆಲದ ಮೇಲೆ ಉರುಳುತ್ತಿರುವಂತೆ ಹಗ್ಗ ಕಟ್ಟಿ ಎಳೆದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗುತ್ತವೆ. ಕೆಟ್ಟು ನಿಂತ ಸಿವಿಟಿ ಕಾರನ್ನು ಫ್ಲ್ಯಾಟ್‌ಬೆಡ್ ಲಾರಿಯ ಮೇಲೇರಿಸಿ, ಇಲ್ಲವೇ ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿಯೇ ಸಾಗಿಸಬೇಕು. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಲ್ಲಿ ನಿಂತುಹೋದ ಕಾರಿಗೂ ಇದೇ ನಿಯಮ. ಗೇರ್‌ಬಾಕ್ಸಿನ ಉಸಿರು ಕೊಳವೆಯಿಂದ ನೀರು ಸೇರಿರಬಹುದಾದ್ದರಿಂದ ಎಣ್ಣೆ ನೋಡದೆ ಓಡಿಸಬೇಡಿ.

ಬದಲಿಸಿದ ಮೇಲೆ, ಮತ್ತು ಸೆಕೆಂಡ್ ಹ್ಯಾಂಡ್ ಕಾರಿಗೆ

ಮೊದಲ ಇಪ್ಪತ್ತು ಮೂವತ್ತು ಕಿಲೋಮೀಟರ್ ಹಗುರವಾಗಿ ಓಡಿಸಿ, ಮರುದಿನ ಬೆಳಿಗ್ಗೆ ನಿಂತ ಜಾಗದಲ್ಲಿ ಹನಿ ಬಿದ್ದಿದೆಯೇ ನೋಡಿ. ಎಣ್ಣೆ ಬದಲಿಸಿದ ಮೇಲೆ ಕೆಲವು ಮಾದರಿಗಳಲ್ಲಿ ಕಂಪ್ಯೂಟರಿಗೆ ಕ್ಲಚ್ಚಿನ ಹಿಡಿತವನ್ನು ಮತ್ತೆ ಕಲಿಸುವ ಕ್ರಮ ಇರುತ್ತದೆ. ನಿಮ್ಮದಕ್ಕೆ ಇದೆಯೇ ಎಂದು ಕೇಳಿ ಮಾಡಿಸಿ. ದಿನಾಂಕ, ಕಿಲೋಮೀಟರ್, ಎಣ್ಣೆಯ ಸಂಕೇತ ಮತ್ತು ಬ್ಯಾಚ್ ಸಂಖ್ಯೆಯನ್ನು ಸರ್ವಿಸ್ ಪುಸ್ತಕದಲ್ಲಿ ಬರೆಸಿ.

ಹಳೆಯ ಎಣ್ಣೆಯನ್ನು ಚರಂಡಿಗೋ ಮಣ್ಣಿಗೋ ಸುರಿಯಬೇಡಿ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ಡಬ್ಬಿಯಲ್ಲಿ ತುಂಬಿ, ಎಣ್ಣೆಯನ್ನು ಮರುಬಳಕೆಗೆ ಕಳುಹಿಸುವ ಸರ್ವಿಸ್ ಸೆಂಟರಿಗೆ ಕೊಡಿ.

ಹಳೆಯ ಸಿವಿಟಿ ಕಾರು ಕೊಳ್ಳುವವರು ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ಲೆಕ್ಕ ಹಾಕಿ. ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಇನ್ನೊಮ್ಮೆ ಏರಿನಲ್ಲಿ ಹತ್ತಿಸಿ ನೋಡಿ, ಏಕೆಂದರೆ ತೆಳುವಾದ ಹಳೆಯ ಎಣ್ಣೆಯ ಜಾರಾಟ ಬಿಸಿಯಲ್ಲೇ ಹೊರಬೀಳುತ್ತದೆ. ಒಂದು ಲಕ್ಷ ಕಿಲೋಮೀಟರ್ ದಾಟಿ ಒಮ್ಮೆಯೂ ಎಣ್ಣೆ ಬದಲಿಸದ ಕಾರು ಆಗಲೇ ಜಾರುತ್ತಿದ್ದರೆ ಅದನ್ನು ಬಿಟ್ಟುಬಿಡಿ. ಜಾರದೆ ನಯವಾಗಿ ಓಡುತ್ತಿದ್ದರೆ ಕೊಳ್ಳಬಹುದು. ಕೊಂಡ ವಾರವೇ ಒಮ್ಮೆ ಇಳಿಸಿ ತುಂಬಿಸಿ, ಸಾವಿರ ಕಿಲೋಮೀಟರಿನ ಬಳಿಕ ಇನ್ನೊಮ್ಮೆ ಮಾಡಿಸಿ. ಎರಡನೆಯ ಸಲ ಪ್ಯಾನ್ ಬಿಚ್ಚಿಸಿ ಅಯಸ್ಕಾಂತಗಳ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಬದಲಾವಣೆಯಲ್ಲಿ ಸವೆತ ಹೆಚ್ಚಿದೆಯೋ ಇಲ್ಲವೋ ಎಂದು ಹೋಲಿಸಿ ನೋಡಲು ಅದು ಬೇಕಾಗುತ್ತದೆ.